ಜರ್ಮನಿಯ ಕಬ್ಬಿಣದ ಕುಲುಮೆ, ವಾಡಿಯ ಮಕ್ಕಳು

ವಿಜ್ಞಾನ ಮೇಳಕ್ಕೆ ಪ್ರತಿ ವರ್ಷ ಜ್ವಾಲಾಮುಖಿ ಮಾಡಿ ಬೇಸರವಾಗಿತ್ತು. ಈ ಸಲ ಜರ್ಮನಿಯ ಫೋಲ್ಕ್ಲಿಂಗನ್ ಕಾರ್ಖಾನೆಯ ಮಾದರಿ ಮಾಡೋಣ ಅಂದೆ. 1873ರಲ್ಲಿ ಶುರುವಾದ ಕಬ್ಬಿಣ-ಉಕ್ಕಿನ ಕಾರ್ಖಾನೆ ಅದು. 1986ರಲ್ಲಿ ಅದರ ಕುಲುಮೆಗಳು ಆರಿದವು. ಆದರೆ ಗುಜರಿಗೆ ಹಾಕಲಿಲ್ಲ, ಹಾಗೇ ಉಳಿಸಿಕೊಂಡರು. 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದರೆ ಮಕ್ಕಳಿಗೇನು? ಸುಮ್ನೆ ಕೂತಿದ್ದರು. ಕುಲುಮೆಗೆ ಅದಿರು, ಕೋಕ್ (ಕಲ್ಲಿದ್ದಲು ಸುಟ್ಟು ಮಾಡಿದ ಇಂಧನ) ಜೊತೆ ಸುಣ್ಣದ ಕಲ್ಲೂ ಹಾಕುತ್ತಾರೆ ಅಂದ ಕೂಡಲೇ ಕಿವಿ ನೆಟ್ಟಗಾದವು. ನಮ್ಮ ವಾಡಿ ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯ ಊರು, ಇಲ್ಲಿಯವರಿಗೆ ಸುಣ್ಣದ ಕಲ್ಲು ಗೊತ್ತಿಲ್ಲದೆ ಇರುತ್ತಾ?

"ಸರ್, ಅಲ್ಲೂ ಸಿಮೆಂಟ್ ಮಾಡ್ತಾರೇನ್ರಿ?" ಅಂತ ಒಬ್ಬಳು ಕೇಳಿದಳು.

ಅಲ್ಲಿ ಕಲ್ಲಿನ ಕೆಲಸ ಬೇರೆ. ಅದಿರಿನ ಕಲ್ಮಶವನ್ನು ಹಿಡಿದುಕೊಂಡು, ಕರಗಿದ ಕಬ್ಬಿಣದ ಮೇಲೆ ಕಿಟ್ಟವಾಗಿ ತೇಲುತ್ತದೆ. ಅದೇ ಸ್ಲ್ಯಾಗ್. ಸ್ಲ್ಯಾಗನ್ನು ಸಿಮೆಂಟಿಗೂ ಬೆರೆಸುತ್ತಾರೆ, ಹಾಗಾಗಿ ಅವಳ ಪ್ರಶ್ನೆ ಪೂರಾ ತಪ್ಪಲ್ಲ. ಅಲ್ಲಿಂದ ನಾನು ಇಸವಿಗಳನ್ನು ಬಿಟ್ಟು ಕಲ್ಲಿನ ದಾರಿ ಹಿಡಿದೆ.

ಅಲ್ಲಿರುವುದು ಆರು ಕುಲುಮೆ. ಒಂದನ್ನು ಎಣ್ಣೆ ಡಬ್ಬಿಗಳಿಂದ ಪೂರ್ತಿ ಕಟ್ಟಿದೆವು, ಉಳಿದವು ಬರೀ ರಟ್ಟು. ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ. ಕುಲುಮೆಯ ಬಾಯಿಗೆ ಸರಕು ಸುರಿಯುವ ಅಟ್ಟ 27 ಮೀಟರ್ ಎತ್ತರದಲ್ಲಿದೆ, ನಮ್ಮದು 27 ಸೆಂಟಿಮೀಟರ್. ಹಳಿಗೆ ನೇತುಬಿದ್ದ ತೊಟ್ಟಿಗಳು ಇಳಿಜಾರು ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ಅದಕ್ಕೆ ಹಳೇ ಸೈಕಲ್ ಚೈನು ಹಾಕಿ, ಬಾಟಲಿ ಮುಚ್ಚಳಗಳನ್ನು ತಂತಿಯಲ್ಲಿ ನೇತುಹಾಕಿದೆವು. ಪೆಡಲ್ ತಿರುಗಿಸಿದರೆ ಮುಚ್ಚಳ ಮೇಲೇರುತ್ತದೆ. ಮೇಳದಲ್ಲಿ ಜಾಸ್ತಿ ಜನ ನಿಂತಿದ್ದು ಇಲ್ಲೇ.

ನನಗೆ ಇಷ್ಟವಾದದ್ದು ಗ್ಯಾಸಿನ ದಾರಿ. ಕುಲುಮೆಯ ಮೇಲಿಂದ ಬರುವ ಗ್ಯಾಸನ್ನು ಸೋಸುತ್ತಿದ್ದರು. ಗಾಳಿ ಕಾಯಿಸಲು ಅದೇ, ಗಾಳಿ ಊದುವ ಎಂಜಿನ್ ಓಡಿಸಲೂ ಅದೇ. ಆ ಬಿಸಿ ಗಾಳಿ ಮತ್ತೆ ಕುಲುಮೆಯ ಬುಡಕ್ಕೆ. ಸಲೈನ್ ಪೈಪಿನಲ್ಲಿ ಬಣ್ಣದ ನೀರು ತುಂಬಿ ತೋರಿಸಿದೆವು: ಗ್ಯಾಸು ಕೆಂಪು, ಗಾಳಿ ನೀಲಿ.

ಮಹಾಯುದ್ಧಗಳ ಕಾಲದಲ್ಲಿ ಬೇರೆ ದೇಶದವರನ್ನು, ಯುದ್ಧ ಕೈದಿಗಳನ್ನು ಅಲ್ಲಿ ಬಲವಂತವಾಗಿ ದುಡಿಸಿದ್ದರು. ಅದನ್ನೂ ಚಾರ್ಟಿನಲ್ಲಿ ಬರೆಸಿದೆ. ಮಕ್ಕಳ ಮೇಳಕ್ಕೆ ಇದು ಯಾಕೆ ಅಂದವರಿದ್ದರು. ಪರಂಪರೆ ಅಂದಮೇಲೆ ಅದೂ ಇರಬೇಕು ಅಲ್ವಾ?

ಮಾಡುವವರಿಗೆ ಒಂದು ಮಾತು. ಬುಡದ ಹಲಗೆಯನ್ನು ಎರಡು ತುಂಡು ಮಾಡಿ ಬೋಲ್ಟ್ ಹಾಕಿ. ಕಲಬುರಗಿ ಬಸ್ಸಿನ ಬಾಗಿಲಲ್ಲಿ ಇಡೀ ಹಲಗೆ ಹಿಡಿಸುವುದಿಲ್ಲ.