ಕನ್ನಡದಲ್ಲಿ ಟೈಪ್ ಮಾಡುವವರಿಗಾಗಿ ಊರು ಹುಡುಕುವ ಬಾಕ್ಸ್: ನಾನು ಕಟ್ಟುವ ಬಗೆ

ಅರ್ಜಿ ಫಾರ್ಮ್‌ಗಳಲ್ಲಿ ಜಿಲ್ಲೆ, ತಾಲ್ಲೂಕು, ಊರು ಆರಿಸಲು ಒಂದು ಬಾಕ್ಸ್ ಇರುತ್ತದೆ. ಎರಡು ಅಕ್ಷರ ಟೈಪ್ ಮಾಡಿದರೆ ಕೆಳಗೆ ಸಲಹೆಗಳ ಪಟ್ಟಿ ಬಿಚ್ಚಿಕೊಳ್ಳಬೇಕು. ಇದಕ್ಕೆ ರೆಡಿಮೇಡ್ ಲೈಬ್ರರಿಗಳು ಬೇಕಾದಷ್ಟಿವೆ, ಇಂಗ್ಲಿಷ್‌ನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಕನ್ನಡದಲ್ಲಿ ಟೈಪ್ ಮಾಡಲು ಶುರು ಮಾಡಿದರೆ ಪಟ್ಟಿ ಒಂದೊಂದು ಕೀಗೂ ಮಾಯವಾಗಿ ಮತ್ತೆ ಕಾಣಿಸುತ್ತದೆ, ಎಂಟರ್ ಒತ್ತಿದರೆ ಬೇಡದ ಊರು ಆಯ್ಕೆಯಾಗುತ್ತದೆ, ಟೈಪ್ ಮಾಡಿದ್ದಕ್ಕೆ ಹೊಂದಿದ ಭಾಗಕ್ಕೆ ಬಣ್ಣ ಹಾಕಿದ ಕಡೆ ಒತ್ತಕ್ಷರ ಒಡೆದು ನಿಲ್ಲುತ್ತದೆ. ಕನ್ನಡಿಗರಿಗಾಗಿಯೇ ಮಾಡಿದ ಪುಟದಲ್ಲಿ ಹೀಗಾಗಬಾರದು. ಹಾಗಾಗಿ ಈ ಒಂದು ಭಾಗವನ್ನು ನಾನು ಯಾವ ಲೈಬ್ರರಿಯೂ ಇಲ್ಲದೆ ಕೈಯಲ್ಲೇ ಬರೆಯುತ್ತೇನೆ.

ಬ್ರೌಸರ್‌ನಲ್ಲೇ ಇರುವ ಸಲಹೆ ಪಟ್ಟಿಯ ಟ್ಯಾಗ್ ಡೇಟಾಲಿಸ್ಟ್ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಅದರಲ್ಲಿ ಯಾವ ಹೆಸರು ಹೊಂದುತ್ತದೆ ಎಂದು ತೀರ್ಮಾನಿಸುವುದು ಬ್ರೌಸರ್, ನಾವಲ್ಲ. ನೋಟವನ್ನೂ ನಮಗೆ ಬೇಕಾದಂತೆ ತಿದ್ದಲು ಬರುವುದಿಲ್ಲ.

ಮೊದಲು ಎಚ್‌ಟಿಎಂಎಲ್ ರಚನೆ. ಸಾಮಾನ್ಯ ಟೆಕ್ಸ್ಟ್ ಇನ್‌ಪುಟ್‌ಗೆ ಕಾಂಬೋಬಾಕ್ಸ್ ಎಂಬ ರೋಲ್ (ಇದು ಯಾವ ಬಗೆಯ ಅಂಗ ಎಂದು ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತು) ಕೊಡುತ್ತೇನೆ, ಅದರ ಕೆಳಗೆ ಲಿಸ್ಟ್‌ಬಾಕ್ಸ್ ರೋಲ್‌ನ ಪಟ್ಟಿ, ಒಳಗಿನ ಪ್ರತಿ ಸಾಲಿಗೂ ಆಪ್ಷನ್ ರೋಲ್ ಮತ್ತು ತನ್ನದೇ ಐಡಿ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಕಾಂಬೋಬಾಕ್ಸ್ ರೋಲ್ ಅನ್ನು ಇನ್‌ಪುಟ್‌ನ ಹೊರಗಿನ ಡಿವ್‌ಗೆ ಹಾಕಿರುತ್ತಾರೆ. ಅದು ಏರಿಯಾ (ARIA, ಪುಟವನ್ನು ಸ್ಕ್ರೀನ್ ರೀಡರ್‌ಗೆ ಅರ್ಥ ಮಾಡಿಸುವ ಮಾನದಂಡ) 1.1ರ ಪದ್ಧತಿ. 2023ರ ಜೂನ್‌ನಲ್ಲಿ ಅಂತಿಮಗೊಂಡ ಏರಿಯಾ 1.2ರಲ್ಲಿ ರೋಲ್ ನೇರ ಇನ್‌ಪುಟ್ ಮೇಲೆಯೇ ಬರುತ್ತದೆ, ಪಟ್ಟಿಯನ್ನು ಏರಿಯಾ-ಕಂಟ್ರೋಲ್ಸ್ ಮೂಲಕ ಜೋಡಿಸಬೇಕು. ಪಟ್ಟಿ ತೆರೆದಾಗ ಏರಿಯಾ-ಎಕ್ಸ್‌ಪ್ಯಾಂಡೆಡ್ ಟ್ರೂ, ಮುಚ್ಚಿದಾಗ ಫಾಲ್ಸ್. ಕೆಳಬಾಣ ಒತ್ತಿದಾಗ ಫೋಕಸ್ ಪಟ್ಟಿಗೆ ಇಳಿಯಬಾರದು, ಇನ್‌ಪುಟ್‌ನಲ್ಲೇ ಉಳಿಯಬೇಕು. ಈಗ ಯಾವ ಸಾಲಿನ ಮೇಲಿದ್ದೇವೆ ಎಂಬುದನ್ನು ಏರಿಯಾ-ಆಕ್ಟಿವ್‌ಡಿಸೆಂಡೆಂಟ್‌ನಲ್ಲಿ ಆ ಸಾಲಿನ ಐಡಿ ಬರೆದು ಸ್ಕ್ರೀನ್ ರೀಡರ್‌ಗೆ ತಿಳಿಸಬೇಕು. ಫೋಕಸ್ ಇಳಿಸಿದರೆ ಬಳಸುವವರು ಟೈಪ್ ಮಾಡುವುದನ್ನು ಮುಂದುವರಿಸಲಾಗದು. ಬಾಕ್ಸ್‌ಗೂ ಪಟ್ಟಿಗೂ ಭಾಷೆ ಕನ್ನಡ ಎಂದು ಲ್ಯಾಂಗ್ ಆಟ್ರಿಬ್ಯೂಟ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಕನ್ನಡ ಓದಲು ಹೊರಡಬಹುದು.

ಇಲ್ಲಿಯವರೆಗೆ ಯಾವ ಭಾಷೆಗಾದರೂ ಇದೇ ಕೆಲಸ. ಕನ್ನಡದ ಕೆಲಸ ಶುರುವಾಗುವುದು ಹುಡುಕುವ ಫಂಕ್ಷನ್‌ನಲ್ಲಿ.

ಉಚ್ಚಾರದಂತೆ ಟೈಪ್ ಮಾಡುವ ಕೀಬೋರ್ಡ್‌ನಲ್ಲಿ ‘ಶಿವಮೊಗ್ಗ’ ಹೇಗೆ ಮೂಡುತ್ತದೆ ನೋಡಿ. ಮೊದಲು ಸ್, ಆಮೇಲೆ ಅದೇ ಶ್ ಆಗುತ್ತದೆ, ಬಳಿಕ ಶಿ. ‘ಶಿವ’ದ ನಂತರದ ಕೀಗೆ ‘ಶಿವಮ್’, ಇನ್ನೊಂದು ಕೀಗೆ ‘ಶಿವಮೊ’. ಪಟ್ಟಿಯಲ್ಲಿರುವ ಶಿವಮೊಗ್ಗ ‘ಶಿವಮ್’ ಎಂದು ಶುರುವಾಗುವುದಿಲ್ಲ. ಮೆಮೊರಿಯಲ್ಲಿ ಮ ಆದಮೇಲೆ ಒಕಾರದ ಚಿಹ್ನೆ ಇದೆ, ಹಲಂತ (್ ಚಿಹ್ನೆ) ಇಲ್ಲ. ಆದ್ದರಿಂದ ಆ ಕ್ಷಣಕ್ಕೆ ಹೊಂದಿಕೆ ಸೊನ್ನೆ, ಪಟ್ಟಿ ಖಾಲಿ. ಮುಂದಿನ ಕೀಗೆ ಮತ್ತೆ ಪ್ರತ್ಯಕ್ಷ. ಪಟ್ಟಿ ಮಿಣುಕಲು ಕಾರಣ ಇದೇ. ಪರಿಹಾರ ಒಂದೇ ಸಾಲು: ಟೈಪ್ ಮಾಡಿದ್ದು ಹಲಂತದಲ್ಲಿ ಕೊನೆಗೊಂಡಿದ್ದರೆ ಹುಡುಕುವ ಮುನ್ನ ಆ ಹಲಂತವನ್ನು ಬಿಟ್ಟುಬಿಡಿ. ‘ಶಿವಮ’ ಎಂದು ಹುಡುಕಿದರೆ ಶಿವಮೊಗ್ಗ ಸಿಗುತ್ತದೆ, ‘ಶಿವಮೊಗ್’ ಎಂಬಲ್ಲಿ ಹಲಂತ ಬಿಟ್ಟರೂ ಸಿಗುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗಲೂ ಇದು ಬೇಕು. ಗ್ಗ ಒಂದೇಟಿಗೆ ಅಳಿಯುವುದಿಲ್ಲ, ಬಹುತೇಕ ಕಡೆ ಗ್ ಎಂದು ಉಳಿಯುತ್ತದೆ.

ಸ್ವರಚಿಹ್ನೆಗೂ ಇದೇ ಗತಿ. ಕೆಲವು ಕೀಬೋರ್ಡ್‌ಗಳಲ್ಲಿ ‘ಬೆಂಗಳೂ’ ಆಗುವ ಮುಂಚೆ ಒಂದು ಕ್ಷಣ ‘ಬೆಂಗಳೊ’ ಇರುತ್ತದೆ. ಮೊದಲ ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಕೊನೆಯ ಸ್ವರಚಿಹ್ನೆಯನ್ನೂ ತೆಗೆದು ಎರಡನೇ ಸಲ ಹುಡುಕುತ್ತೇನೆ. ಇದನ್ನು ಮೊದಲ ಸುತ್ತಿನಲ್ಲೇ ಮಾಡಿದರೆ ಬೇಡದ ಹೆಸರುಗಳೆಲ್ಲ ನುಗ್ಗುತ್ತವೆ.

ಇನ್ನು ಕಾಂಪೊಸಿಷನ್ ಈವೆಂಟ್‌ಗಳು. ಕೀಬೋರ್ಡ್ ಪದವನ್ನು ಇನ್ನೂ ಕಟ್ಟುತ್ತಿರುವ ಸ್ಥಿತಿಯೇ ಕಾಂಪೊಸಿಷನ್, ಆಗ ಈಸ್‌ಕಾಂಪೋಸಿಂಗ್ ಎಂಬ ಗುರುತು ಟ್ರೂ ಇರುತ್ತದೆ. ‘ಈಸ್‌ಕಾಂಪೋಸಿಂಗ್ ಟ್ರೂ ಇದ್ದರೆ ಏನೂ ಮಾಡಬೇಡ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಹಾಗೇ ಪಾಲಿಸಿದರೆ ಆಂಡ್ರಾಯ್ಡ್ ಫೋನಿನಲ್ಲಿ ಬಾಕ್ಸ್ ಸತ್ತಂತೆಯೇ. ಜಿಬೋರ್ಡ್‌ನಂಥ ಕೀಬೋರ್ಡ್‌ಗಳು ಸ್ಪೇಸ್ ಒತ್ತುವ ತನಕ ಇಡೀ ಪದವನ್ನು ಕಾಂಪೊಸಿಷನ್‌ನಲ್ಲೇ ಇಟ್ಟುಕೊಳ್ಳುತ್ತವೆ, ಹಾಗಾಗಿ ಪದ ಮುಗಿಯುವವರೆಗೂ ಪಟ್ಟಿ ಬರುವುದೇ ಇಲ್ಲ. ನಾನು ಎರಡನ್ನೂ ಬೇರ್ಪಡಿಸುತ್ತೇನೆ. ಪಟ್ಟಿ ನವೀಕರಿಸುವುದು ಇನ್‌ಪುಟ್ ಈವೆಂಟ್‌ನಲ್ಲಿ, ಕಾಂಪೊಸಿಷನ್ ನಡೆಯುತ್ತಿದ್ದರೂ ಸರಿ. ಎಂಟರ್, ಎಸ್ಕೇಪ್, ಬಾಣದ ಕೀಗಳನ್ನು ನೋಡುವುದು ಕೀಡೌನ್‌ನಲ್ಲಿ, ಕಾಂಪೊಸಿಷನ್ ನಡೆಯುತ್ತಿದ್ದರೆ ಅಲ್ಲಿಂದ ಸುಮ್ಮನೆ ಹಿಂತಿರುಗಬೇಕು. ಸಫಾರಿಯ ಹಲವು ಆವೃತ್ತಿಗಳಲ್ಲಿ ಕಾಂಪೊಸಿಷನ್ ಮುಗಿದ ಈವೆಂಟ್ ಮೊದಲು ಬಂದು ಆಮೇಲೆ ಕೀಡೌನ್ ಬರುತ್ತದೆ. ಅಷ್ಟರಲ್ಲಿ ಈಸ್‌ಕಾಂಪೋಸಿಂಗ್ ಫಾಲ್ಸ್ ಆಗಿರುತ್ತದೆ. ಆದ್ದರಿಂದ ಕೀಕೋಡ್ 229 (ಕೀಯನ್ನು ಕೀಬೋರ್ಡ್ ತಂತ್ರಾಂಶವೇ ಬಳಸಿಕೊಳ್ಳುತ್ತಿದೆ ಎಂಬ ಸೂಚನೆ) ಇದೆಯೇ ಎಂದೂ ನೋಡಬೇಕು. ಕೀಕೋಡ್ ಹಳತಾಯಿತು ಎಂದು ಎಡಿಟರ್ ಎಚ್ಚರಿಕೆ ಕೊಟ್ಟರೂ ಇಲ್ಲಿ ಅದೇ ಗತಿ.

ಇದರ ಜೊತೆಗೇ ಒಂದು ಮಾತು. ಇನ್‌ಪುಟ್ ಈವೆಂಟ್‌ನೊಳಗೆ ಬಾಕ್ಸ್‌ನ ವ್ಯಾಲ್ಯೂವನ್ನು ಎಂದಿಗೂ ತಿದ್ದಿ ಬರೆಯಬೇಡಿ. ಹೆಚ್ಚುವರಿ ಸ್ಪೇಸ್ ತೆಗೆಯಲೆಂದೋ ನಾರ್ಮಲೈಸ್ ಮಾಡಲೆಂದೋ ತಿದ್ದಿದರೆ ಕೀಬೋರ್ಡ್ ತಾನು ಕಟ್ಟುತ್ತಿದ್ದ ಪದದ ಎಳೆ ಕಳೆದುಕೊಳ್ಳುತ್ತದೆ, ಅಕ್ಷರಗಳು ಎರಡೆರಡು ಸಲ ಬೀಳುತ್ತವೆ. ಶುದ್ಧ ಮಾಡಿದ ಪ್ರತಿಯನ್ನು ಬೇರೆ ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ.

ಆ ಶುದ್ಧ ಪ್ರತಿ ತಯಾರಾಗುವ ಕ್ರಮ ಮುಖ್ಯ. ಮೊದಲು ಎನ್‌ಎಫ್‌ಸಿ ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದೇ ರೂಪಕ್ಕೆ ತರುವುದು. ಯುನಿಕೋಡ್‌ನಲ್ಲಿ ೊ ಎಂಬ ಚಿಹ್ನೆಯನ್ನು ಒಂದೇ ಕೋಡ್ ಆಗಿಯೂ, ೆ ಮತ್ತು ೂ ಎಂಬ ಎರಡು ಕೋಡ್‌ಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ೀ, ೇ, ೈ, ೋ ಚಿಹ್ನೆಗಳಿಗೂ ಇಂಥ ಬಿಡಿ ರೂಪಗಳಿವೆ. ಎರಡನೆಯದಾಗಿ, ಅಕ್ಷರಗಳನ್ನು ಕೂಡಿಸುವ, ಬಿಡಿಸುವ, ಆದರೆ ಕಣ್ಣಿಗೆ ಕಾಣದ ಜೋಯಿನರ್ ಮತ್ತು ನಾನ್-ಜೋಯಿನರ್‌ಗಳನ್ನು ಕಿತ್ತುಹಾಕುವುದು. ರ್‍ಯ ಬರೆಯುವಾಗ ಒಬ್ಬೊಬ್ಬರ ಕೀಬೋರ್ಡ್ ಒಂದೊಂದು ಕಡೆ ಜೋಯಿನರ್ ತುರುಕುತ್ತದೆ. ಮೂರನೆಯದಾಗಿ ಕೊನೆಯ ಹಲಂತ ಬಿಡುವುದು. ಆಮೇಲೆ ಕಾಗುಣಿತ ತಪ್ಪಿದರೂ ಹೊಂದುವಂತೆ ಮೃದುಗೊಳಿಸುವ ಹಂತ: ಮಹಾಪ್ರಾಣಗಳೆಲ್ಲ ಅಲ್ಪಪ್ರಾಣ, ಶ ಮತ್ತು ಷ ಎರಡೂ ಸ, ಳ ಲ ಆಗುತ್ತದೆ, ಣ ನ ಆಗುತ್ತದೆ, ದೀರ್ಘಸ್ವರ ಹ್ರಸ್ವವಾಗುತ್ತದೆ, ಆಕಾರದ ಚಿಹ್ನೆ ಬಿದ್ದುಹೋಗುತ್ತದೆ. ನಂತರ ದ್ವಿತ್ವವನ್ನು ಒಂಟಿ ಮಾಡಿ, ಕೊನೆಗೆ ವರ್ಗೀಯ ವ್ಯಂಜನದ ಹಿಂದಿರುವ ಅನುನಾಸಿಕವನ್ನು ಅನುಸ್ವಾರವಾಗಿಸಿ. ಈ ಕೊನೆಯ ಎರಡನ್ನು ಅದಲು ಬದಲು ಮಾಡಿದರೆ ಮ್ಮ, ನ್ನ ಇರುವ ಊರುಗಳೆಲ್ಲ ಅನುಸ್ವಾರಕ್ಕೆ ಸಿಕ್ಕಿ ಕೆಡುತ್ತವೆ.

ಹೀಗೆ ಮಾಡಿದರೆ ‘ದಾರವಾಡ’ ಎಂದವರಿಗೂ ಧಾರವಾಡ, ‘ಚಿಕಮಗಳೂರು’ ಎಂದವರಿಗೂ ಚಿಕ್ಕಮಗಳೂರು ಸಿಗುತ್ತದೆ. ಊರುಗಳ ಮೃದು ರೂಪವನ್ನು ಪುಟ ತೆರೆದಾಗ ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಳ್ಳಿ, ಪ್ರತಿ ಕೀಗೂ ಮಾಡಬೇಡಿ. ಆದರೆ ಸರಿಯಾಗಿ ಬರೆದವರಿಗೆ ಅನ್ಯಾಯವಾಗಬಾರದು: ಬರೆದಂತೆಯೇ ಹೊಂದುವ ಹೆಸರುಗಳು ಪಟ್ಟಿಯ ಮೇಲೆ, ಮೃದು ರೂಪದಲ್ಲಿ ಹೊಂದುವವು ಅದರ ಕೆಳಗೆ.

ಹಳೆಯ ಹೆಸರುಗಳಿಗೆ ಪ್ರತ್ಯೇಕ ಕಾಲಂ ಬೇಕು. 2014ರ ನವೆಂಬರ್ 1ರಂದು 12 ನಗರಗಳ ಅಧಿಕೃತ ಹೆಸರು ಬದಲಾಯಿತು. ಗುಲ್ಬರ್ಗಾ ಎಂದು ಟೈಪ್ ಮಾಡಿದವರಿಗೆ ಕಲಬುರಗಿ, ಬಿಜಾಪುರ ಎಂದವರಿಗೆ ವಿಜಯಪುರ ತೋರಿಸಲು ಯಾವ ಅಕ್ಷರ ಜಾಣ್ಮೆಯೂ ನೆರವಾಗದು, ಕೈಯಿಂದ ಪಟ್ಟಿ ಬರೆಯಲೇಬೇಕು. ಅದೇ ಕಾಲಂನಲ್ಲಿ ರೋಮನ್ ಲಿಪಿಯ ಹಳೆ, ಹೊಸ ಕಾಗುಣಿತಗಳನ್ನೂ ಸೇರಿಸುತ್ತೇನೆ.

‘ಕನಿಷ್ಠ ಮೂರು ಅಕ್ಷರ ಬಂದಮೇಲೆ ಹುಡುಕು’ ಎಂಬ ನಿಯಮ ಕನ್ನಡಕ್ಕೆ ಹೊಂದುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ ಷ್ಣ ಒಂದೇ 3, ಶಿವಮೊಗ್ಗ 8. ಓದುವವರ ಲೆಕ್ಕದಲ್ಲಿ ಅವು 1 ಮತ್ತು 4. ಜಿಲ್ಲೆಗಳು 31 ಮಾತ್ರ, ಮೊದಲ ಅಕ್ಷರಕ್ಕೇ ಪಟ್ಟಿ ತೆರೆಯಿರಿ. ಸಾವಿರಾರು ಹಳ್ಳಿಗಳಿದ್ದು ಸರ್ವರ್‌ಗೆ ಕೇಳಬೇಕಾದರೆ ಎರಡು ಅಕ್ಷರ ಸಾಕು. ಜೊತೆಗೆ 200 ಮಿಲಿಸೆಕೆಂಡ್ ಕಾಯುವುದು, ಹೊಸ ವಿನಂತಿ ಹೊರಟಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡುವುದು ಇರಲಿ. ಇಲ್ಲದಿದ್ದರೆ ತಡವಾಗಿ ಬಂದ ಹಳೆಯ ಉತ್ತರ ಹೊಸ ಪಟ್ಟಿಯ ಮೇಲೆ ಕೂರುತ್ತದೆ.

ಹೊಂದಿದ ಭಾಗಕ್ಕೆ ಬಣ್ಣ ಹಾಕುವುದು ಸೂಕ್ಷ್ಮದ ಕೆಲಸ. ‘ಶಿವಮೊಗ’ ಎಂದು ಹುಡುಕಿದಾಗ ಅಷ್ಟನ್ನೇ ಮಾರ್ಕ್ ಟ್ಯಾಗ್‌ನಲ್ಲಿ ಸುತ್ತಿದರೆ ಗ್ಗ ನಡುವೆ ಕತ್ತರಿಸುತ್ತದೆ. ಅದು ಬೋಲ್ಡ್ ಆಗಿದ್ದರಂತೂ ಗ ಒಂದು ಕಡೆ, ಹಲಂತ ಇನ್ನೊಂದು ಕಡೆ ಚೆಲ್ಲಿಹೋಗುತ್ತದೆ. ಮೃದು ರೂಪ ಕಟ್ಟುವಾಗಲೇ ಪ್ರತಿ ಕೋಡ್ ಮೂಲ ಹೆಸರಿನ ಎಷ್ಟನೇ ಸ್ಥಾನದಿಂದ ಬಂತು ಎಂದು ಒಂದು ಅರೇಯಲ್ಲಿ ಬರೆದಿಡಿ. ಅದರಿಂದ ಮೂಲದ ಕೊನೆಯ ಸ್ಥಾನ ಸಿಗುತ್ತದೆ. ಅಲ್ಲಿಂದ ಮುಂದೆ ಸ್ವರಚಿಹ್ನೆ, ಹಲಂತ, ಅನುಸ್ವಾರ, ವಿಸರ್ಗ ಇರುವಷ್ಟು ದೂರ ಸರಿಯಿರಿ. ಹಲಂತ ಸಿಕ್ಕಿದರೆ ಅದರ ಮುಂದಿನ ವ್ಯಂಜನವನ್ನೂ ಸೇರಿಸಿ. ಹತ್ತು ಸಾಲಿನ ಲೂಪ್ ಅಷ್ಟೆ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ, ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಇದನ್ನು ಮಾಡಿಕೊಡುತ್ತದೆ ಎಂದು ನಂಬಿ ಕೂರಬೇಡಿ. 2023ರ ಯುನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದಿರುವ ನಿಯಮ ಬಂದಾಗ ದೇವನಾಗರಿ, ತೆಲುಗು, ಮಲಯಾಳಂ ಮುಂತಾದವು ಅದರೊಳಗೆ ಬಂದವು, ಕನ್ನಡ ಬರಲಿಲ್ಲ. ಬೋಲ್ಡ್ ಬದಲು ಹಿನ್ನೆಲೆ ಬಣ್ಣ ಬಳಸಿದರೆ ಸಾಲಿನ ಅಗಲವೂ ಅಲುಗುವುದಿಲ್ಲ.

ಮೌಸ್‌ನಿಂದ ಸಾಲು ಒತ್ತಿದಾಗ ಏನೂ ಆಯ್ಕೆಯಾಗದೆ ಪಟ್ಟಿ ಮುಚ್ಚಿಕೊಳ್ಳುವುದು ಹಳೆಯ ಕಾಯಿಲೆ. ಕ್ಲಿಕ್‌ಗಿಂತ ಮೊದಲು ಬ್ಲರ್ (ಬಾಕ್ಸ್ ಫೋಕಸ್ ಕಳೆದುಕೊಂಡಾಗಿನ ಈವೆಂಟ್) ಬರುತ್ತದೆ, ಬ್ಲರ್ ಪಟ್ಟಿಯನ್ನು ಮುಚ್ಚುತ್ತದೆ, ಕ್ಲಿಕ್‌ಗೆ ಸಾಲೇ ಇರುವುದಿಲ್ಲ. ಸೆಟ್‌ಟೈಮ್‌ಔಟ್ ಹಾಕಿ ಮುಂದೂಡುವವರಿದ್ದಾರೆ, ಅದು ಬೇಕಿಲ್ಲ. ಪಟ್ಟಿಯ ಮೌಸ್‌ಡೌನ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ ಕರೆದರೆ ಫೋಕಸ್ ಬಾಕ್ಸ್‌ನಲ್ಲೇ ನಿಲ್ಲುತ್ತದೆ. ಆಯ್ಕೆ ಮಾತ್ರ ಕ್ಲಿಕ್‌ನಲ್ಲೇ ನಡೆಯಲಿ, ಆಗ ಫೋನಿನಲ್ಲಿ ಪಟ್ಟಿ ಸ್ಕ್ರೋಲ್ ಮಾಡಲು ಬೆರಳಿಟ್ಟವರಿಗೆ ಊರು ಆಯ್ಕೆಯಾಗಿಬಿಡುವುದಿಲ್ಲ.

ಫಾರ್ಮ್‌ನ ಡಬ್ಬಿಗೆ ಓವರ್‌ಫ್ಲೋ ಹಿಡನ್ ಇದ್ದರೆ ಪಟ್ಟಿ ಅರ್ಧ ಕತ್ತರಿಸುತ್ತದೆ. ಪಾಪೋವರ್ ಆಟ್ರಿಬ್ಯೂಟ್‌ಗೆ ಮ್ಯಾನ್ಯುಯಲ್ ಎಂದು ಕೊಟ್ಟರೆ ಪಟ್ಟಿ ಎಲ್ಲದರ ಮೇಲಿನ ಪದರಕ್ಕೆ ಏರುತ್ತದೆ, ಝಡ್-ಇಂಡೆಕ್ಸ್ ಜಗಳ ಮುಗಿಯುತ್ತದೆ. ಫೋನಿನಲ್ಲಿ ಕೀಬೋರ್ಡ್ ಅರ್ಧ ಪರದೆ ನುಂಗುವುದರಿಂದ ಪಟ್ಟಿಯ ಗರಿಷ್ಠ ಎತ್ತರವನ್ನು ವಿಶುವಲ್‌ವ್ಯೂಪೋರ್ಟ್ (ಕೀಬೋರ್ಡ್ ಬಿಟ್ಟು ಕಾಣುವ ಭಾಗ) ಎತ್ತರದಿಂದ ಲೆಕ್ಕ ಹಾಕಿ. ಸಾಲಿನ ಎತ್ತರ 44 ಪಿಕ್ಸೆಲ್, ಇನ್‌ಪುಟ್ ಫಾಂಟ್ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ (ಕಡಿಮೆಯಾದರೆ ಐಫೋನ್ ಪುಟವನ್ನು ಝೂಮ್ ಮಾಡುತ್ತದೆ). ಲೈನ್-ಹೈಟ್ ಕನಿಷ್ಠ 1.6 ಇಡುತ್ತೇನೆ. 1.2ಕ್ಕೆ ಇಳಿಸಿದರೆ ‘ಹುಬ್ಬಳ್ಳಿ’ಯ ಒತ್ತುಗಳ ಬುಡ ಮಾಯ. ಲೆಟರ್-ಸ್ಪೇಸಿಂಗ್ ಸೊನ್ನೆಯೇ ಇರಲಿ.

ಸರ್ವರ್‌ಗೆ ಹೋಗಬೇಕಾದ್ದು ಊರಿನ ಹೆಸರಲ್ಲ, ಅದರ ಕೋಡ್. ಅದನ್ನು ಹಿಡನ್ ಇನ್‌ಪುಟ್‌ನಲ್ಲಿ ಇಡಿ. ಆಯ್ಕೆಯಾದ ಮೇಲೆ ಬಳಸುವವರು ಬಾಕ್ಸ್‌ನಲ್ಲಿ ಒಂದಕ್ಷರ ತಿದ್ದಿದರೂ ಆ ಕೋಡನ್ನು ಖಾಲಿ ಮಾಡಬೇಕು. ಇಲ್ಲವಾದರೆ ಬಾಕ್ಸ್‌ನಲ್ಲಿ ಹಾವೇರಿ, ಡೇಟಾಬೇಸ್‌ನಲ್ಲಿ ಹಾಸನ.

ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಕೀಬೋರ್ಡ್‌ಗಳು: ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಮತ್ತು ಉಚ್ಚಾರಾಧಾರಿತ ಕೀಬೋರ್ಡ್, ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸದ ನುಡಿ ತಂತ್ರಾಂಶ, ಆಂಡ್ರಾಯ್ಡ್‌ನ ಜಿಬೋರ್ಡ್, ಐಫೋನಿನ ಕನ್ನಡ ಕೀಬೋರ್ಡ್. ಪ್ರತಿಯೊಂದರಲ್ಲೂ ಶಿವಮೊಗ್ಗ, ಮಂಡ್ಯ, ಚಿಕ್ಕಬಳ್ಳಾಪುರ ಟೈಪ್ ಮಾಡಿ, ಬ್ಯಾಕ್‌ಸ್ಪೇಸ್‌ನಿಂದ ಒಂದೊಂದಾಗಿ ಅಳಿಸಿ. ಬಾಕ್ಸ್ ಖಾಲಿಯಾಗುವ ತನಕ ಪಟ್ಟಿ ಒಮ್ಮೆಯೂ ಮಿಣುಕದಿದ್ದರೆ ಪುಟವನ್ನು ಲೈವ್‌ಗೆ ಬಿಡಬಹುದು.