ಬಯಲುಸೀಮೆಯ ಮರಳು ಮಣ್ಣಲ್ಲಿ ಕೇಪಳ ಬೆಳೆಸೋದು ಹೇಗೆ

ಕರಾವಳಿಯ ಗುಡ್ಡಗಳಲ್ಲಿ ಯಾರೂ ನೆಡದೆ, ನೀರು ಹಾಕದೆ ಕೆಂಪಗೆ ಅರಳುವ ಕೇಪಳ (ಇಕ್ಸೋರಾ) ಚಿತ್ರದುರ್ಗದ ಅಂಗಳಕ್ಕೆ ಬಂದರೆ ಯಾಕೆ ಹಳದಿಯಾಗುತ್ತದೆ? ಬಿಸಿಲು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಲ್ಲ, ಸುಣ್ಣ. ಅಲ್ಲಿನ ಮುರಕಲ್ಲಿನ ಮಣ್ಣು ಹುಳಿ, ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್‌ಗೆ ಬಿಳಿ ಕಟ್ಟುತ್ತಲ್ವಾ, ಅದೇ ದಿನಾ ಗಿಡದ ಬುಡಕ್ಕೂ ಬೀಳುತ್ತದೆ, ಆಮೇಲೆ ಮಣ್ಣಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ಸಿಗುವುದಿಲ್ಲ.

ಚಳ್ಳಕೆರೆ, ಹೊಸದುರ್ಗ ಕಡೆ ಸಿಗುವ ಕೆಂಪು ಮರಳು ಮಣ್ಣು ಇದಕ್ಕೆ ಒಳ್ಳೆಯದೇ, ನೀರು ನಿಲ್ಲುವುದಿಲ್ಲ. ನಿಮ್ಮದು ಎರೆ ಮಣ್ಣಾದರೆ ನೆಲದ ಆಸೆ ಬಿಟ್ಟು ದೊಡ್ಡ ಕುಂಡ ತನ್ನಿ. ಹೊಸ ಸಿಮೆಂಟ್ ಗೋಡೆಯ ಪಕ್ಕ ಬೇಡ, ಅದರಿಂದಲೂ ಸುಣ್ಣ ಇಳಿಯುತ್ತದೆ.

ಒಂದೂವರೆ ಅಡಿ ಗುಂಡಿ ತೋಡಿ, ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಧಾರಾಳವಾಗಿ ಬೆರೆಸಿ ತುಂಬಿ. ಮರಳು ನೀರನ್ನೂ ಹಿಡಿಯಲ್ಲ, ಗೊಬ್ಬರವನ್ನೂ ಹಿಡಿಯಲ್ಲ. ಮೇಲೆ ಎರಡು ಇಂಚು ಶೇಂಗಾ ಸಿಪ್ಪೆ ಹರಡಿ, ನಮ್ಮ ಕಡೆ ಅದಕ್ಕೇನು ಬರವಿಲ್ಲ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಬರುತ್ತದೆ. ಒಲೆ ಬೂದಿ ಮಾತ್ರ ಬೇಡವೇ ಬೇಡ, ಅದೂ ಸುಣ್ಣದ ಕೆಲಸವನ್ನೇ ಮಾಡುತ್ತದೆ.

ಗಿಡ ಕೊಳ್ಳಬೇಕೆಂದಿಲ್ಲ. ಜೂನ್-ಜುಲೈನಲ್ಲಿ ಪೆನ್ಸಿಲ್ ದಪ್ಪದ, ಐದಾರು ಇಂಚಿನ ಕಡ್ಡಿ ತಂದು, ಕೆಳಗಿನ ಎಲೆ ಕಿತ್ತು, ಮರಳು ಮತ್ತು ನಾರಿನ ಪುಡಿಯಲ್ಲಿ ಊರಿ ನೆರಳಲ್ಲಿಡಿ. ಬೇರು ಬರಲು ಎರಡು ತಿಂಗಳಾದರೂ ಬೇಕು, ಮಧ್ಯೆ ಸುಮ್ನೆ ಎಳೆದು ನೋಡಬೇಡಿ.

ಮಳೆ ನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟು ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಆದರೂ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. (ಹಳೇ ಎಲೆ ಮೊದಲು ಹಳದಿಯಾದರೆ ಬೇರೆ ಕಥೆ, ಸಾರಜನಕ ಸಾಲುತ್ತಿಲ್ಲ.) ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಸಂಜೆ ಎಲೆಗೆ ಸಿಂಪಡಿಸಿ. ಇಂಥ ಸುಣ್ಣದ ಮಣ್ಣಿಗೆ ಬರೀ ಫೆರಸ್ ಸಲ್ಫೇಟ್ ಸುರಿದರೆ ದುಡ್ಡು ದಂಡ. ಬುಡಕ್ಕೇ ಹಾಕಬೇಕೆಂದರೆ ಗೊಬ್ಬರದಂಗಡಿಯಲ್ಲಿ ಇಡಿಡಿಎಚ್‌ಎ ಕಬ್ಬಿಣ (ಸುಣ್ಣದ ಮಣ್ಣಲ್ಲೂ ಬೇರಿಗೆ ಸಿಗುವಂಥದ್ದು) ಅಂತ ಕೇಳಿ. ಇಡಿಟಿಎ ಕೊಟ್ಟರೆ ವಾಪಸ್ ಕೊಡಿ, ಸುಣ್ಣದ ಮಣ್ಣಲ್ಲಿ ಅದು ನಿಲ್ಲುವುದಿಲ್ಲ.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಗೊಂಚಲು ಒಣಗಿದ ಮೇಲೆ ತುದಿ ಚಿವುಟಿ. ಹಣ್ಣು ಬೇಕಿದ್ದರೆ ನಾಲ್ಕಾರು ಗೊಂಚಲು ಬಿಡಿ, ಮಕ್ಕಳು ತಿನ್ನುತ್ತಾರೆ. ಎಲೆ ಮೇಲೆ ಕಪ್ಪು ಮಸಿ, ಜೊತೆಗೆ ಇರುವೆ ಸಾಲು ಕಂಡರೆ ಎಲ್ಲೋ ಬಿಳಿ ಹಿಟ್ಟು ತಿಗಣೆಯಂಥ ರಸ ಹೀರುವ ಕೀಟ ಕೂತಿದೆ ಅಂತಲೇ ಲೆಕ್ಕ. ನೀರನ್ನು ಜೋರಾಗಿ ಬಿಟ್ಟು ತೊಳೆದು, ಬೇವಿನೆಣ್ಣೆಗೆ ಸೋಪಿನ ನೀರು ಸೇರಿಸಿ ಎಲೆಯ ಅಡಿಭಾಗಕ್ಕೆ ಹೊಡೆಯಿರಿ.