ರ‍್ಯಾಂಪ್ ನೋಡಿ ಕಸೂತಿ ದಾರ ತರುವುದು

ಧಾರವಾಡದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಜಂಪರ್, ಕುರ್ತಿ, ದುಪಟ್ಟಾ, ಅವುಗಳ ಮೇಲೆ ಕಸೂತಿ. ಪ್ಯಾರಿಸ್, ಮಿಲಾನ್ ಫ್ಯಾಷನ್ ಶೋಗಳನ್ನು ನಾನು ತಪ್ಪದೆ ನೋಡುತ್ತೇನೆ ಅಂದರೆ ಗಿರಾಕಿಗಳು ನಗುತ್ತಾರೆ. "ಅಕ್ಕಾರ, ಆ ಬಟ್ಟಿ ಇಲ್ಲೆ ಯಾರ್ ಹಾಕ್ಕೋತಾರ್ರೀ?" ಯಾರೂ ಹಾಕಿಕೊಳ್ಳುವುದಿಲ್ಲ, ನಿಜ. ಆದರೆ ಆ ಶೋಗಳಿಂದ ನನಗೆ ಸುಮಾರು ಆರು ತಿಂಗಳ ಟೈಮ್ ಸಿಗುತ್ತದೆ.

ಕಸೂತಿಗೆ ಬೇಕಾದದ್ದು ಅದೇ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಹಿಂದೆ ಗಂಟು ಬೀಳಬಾರದು. ಮನೆಗೆಲಸ ಮುಗಿಸಿ ಮಧ್ಯಾಹ್ನ ಕೂರುವ ಹೆಣ್ಣುಮಕ್ಕಳು ಹಾಕಿಕೊಡುವ ಕೆಲಸ ಇದು. ಒಂದು ಸೀರೆಗೆ ವಾರಗಟ್ಟಲೆ ಹಿಡಿಯುತ್ತದೆ. ಸೂರತ್ತಿನ ಪ್ರಿಂಟ್ ಮಾಲಿಗೆ ಈ ಕಾಟ ಇಲ್ಲ. ಒಂದು ಬಣ್ಣ ಓಡುತ್ತಿದೆ ಅಂತ ಗೊತ್ತಾದ ಕೂಡಲೇ ಹುಬ್ಬಳ್ಳಿಯ ದಾಜಿಬಾನ್ ಪೇಟೆಯಲ್ಲಿ ಥಾನುಗಟ್ಟಲೆ ಬಂದು ಬೀಳುತ್ತದೆ. ಆಗ ನಾನು ದಾರ ಹುಡುಕಲು ಹೊರಟರೆ ಸೀಜನ್ನೇ ಮುಗಿದಿರುತ್ತದೆ.

ಲೆಕ್ಕ ಹೀಗಿದೆ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್, ಇದೇ ಸಾಲಿನಲ್ಲಿ ವರ್ಷಕ್ಕೆ ಎರಡು ಸಲ ಹೆಂಗಸರ ಬಟ್ಟೆಯ ದೊಡ್ಡ ಶೋಗಳು ನಡೆಯುತ್ತವೆ. ಫೆಬ್ರುವರಿ-ಮಾರ್ಚ್‌ನಲ್ಲಿ ತೋರಿಸುವುದು ಆ ವರ್ಷದ ಕೊನೆಯ ಚಳಿಗಾಲಕ್ಕೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸುವುದು ಮುಂದಿನ ವರ್ಷದ ಬೇಸಿಗೆಗೆ. ನಮ್ಮ ಕ್ಯಾಲೆಂಡರಿಗೆ ಹೊಂದಿಸಿದರೆ ಮೊದಲನೆಯದು ದಸರಾ, ದೀಪಾವಳಿ, ತುಳಸಿ ಲಗ್ನದ ನಂತರದ ಮದುವೆಗಳಿಗೆ ಬಂದು ಕೂರುತ್ತದೆ. ಎರಡನೆಯದು ಏಪ್ರಿಲ್-ಮೇ ಮದುವೆಗಳಿಗೆ. ಚಳಿಗಾಲದ ಶೋದಲ್ಲಿ ಉಣ್ಣೆ ಕೋಟುಗಳೇ ಜಾಸ್ತಿ, ನಮಗೆ ಅದರಿಂದ ಏನೂ ಆಗಬೇಕಿಲ್ಲ. ಅಲ್ಲಿ ನಾನು ಬಣ್ಣ ಮತ್ತು ತೋಳು ಮಾತ್ರ ನೋಡುತ್ತೇನೆ. ಬೇಸಿಗೆ ಶೋದಲ್ಲಿ ಬಟ್ಟೆಯ ಜಾತಿ ನೋಡುತ್ತೇನೆ.

ದೊಡ್ಡ ಕಂಪನಿಗಳು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತವೆ. ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಮಧ್ಯಾಹ್ನ 2.30 ಅಂದರೆ ನಮ್ಮ ಸಂಜೆ 7. ಸೆಪ್ಟೆಂಬರಿನಲ್ಲಿ ಅದೇ ಹೊತ್ತು ಸಂಜೆ 6. ಆದರೆ ವಿಡಿಯೋ ನೋಡುವುದು ಸುಮ್ನೆ ಖುಷಿಗೆ. ಹಾಡು, ಲೈಟು, ನಡಿಗೆ ಸೇರಿ ಎಲ್ಲವೂ ಚೆಂದ ಅನ್ನಿಸಿಬಿಡುತ್ತದೆ. ಕೆಲಸ ಶುರುವಾಗುವುದು ಮರುದಿನ ಫೋಟೋಗಳಲ್ಲಿ. ಒಂದು ಶೋದ ಎಲ್ಲ ಫೋಟೋಗಳನ್ನೂ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಿ ಒಟ್ಟಿಗೆ ನೋಡುತ್ತೇನೆ. ಮುಖ, ಕೂದಲು, ಚೀಲ ಎಲ್ಲ ಮಾಯವಾಗಿ ಬಣ್ಣ ಮತ್ತು ಆಕಾರ ಅಷ್ಟೇ ಉಳಿಯುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಗೆರೆ: ಬಣ್ಣ, ಕೊರಳು, ತೋಳು, ಉದ್ದ, ಬಟ್ಟೆ. ಕಂಡಲ್ಲೆಲ್ಲ ಒಂದು ಗೆರೆ ಎಳೆಯುವುದು.

ಒಂದೇ ಶೋದಲ್ಲಿ ಹತ್ತು ಸಲ ಬಂದದ್ದು ಆ ಡಿಸೈನರನ ಹಟ ಇರಬಹುದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕೈದು ಕಡೆ ಎರಡೆರಡು ಸಲ ಬಂದರೆ ಮಾತ್ರ ನಾನು ಕಿವಿ ನಿಮಿರಿಸುತ್ತೇನೆ. ಹೀಗೆ ಎಲ್ಲರಿಗೂ ಒಂದೇ ಬಣ್ಣ ಹೊಳೆಯುವುದು ಪವಾಡವೇನಲ್ಲ. ಇವರೆಲ್ಲ ಬಟ್ಟೆ ಆರಿಸುವುದು ಹೆಚ್ಚುಕಡಿಮೆ ಅವೇ ಮೇಳಗಳಲ್ಲಿ. ಪ್ಯಾರಿಸ್ಸಿನ ಪ್ರೀಮಿಯೆರ್ ವಿಜನ್ ಮೇಳವನ್ನು 1973ರಲ್ಲಿ ಶುರು ಮಾಡಿದವರು ಲಿಯಾನ್ ಊರಿನ ರೇಷ್ಮೆ ನೇಯ್ಗೆಯವರು. ಇಟಲಿಯ ಫ್ಲಾರೆನ್ಸಿನಲ್ಲಿ ನೂಲಿಗೇ ಬೇರೆ ಮೇಳ ಇದೆ. ನೂಲಿಗೆ ಬಣ್ಣ ಹಾಕುವವರು ಮೊದಲು ತೀರ್ಮಾನ ಮಾಡುತ್ತಾರೆ, ರ‍್ಯಾಂಪಿಗೆ ಬರುವುದು ಕೊನೆಗೆ. ಇಳಕಲ್ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ?

2023ರ ಸೆಪ್ಟೆಂಬರಿನಲ್ಲಿ ಮಿಲಾನಿನಲ್ಲಿ ಗುಚ್ಚಿ ಕಂಪನಿಯ ಹೊಸ ಡಿಸೈನರ್ ಸಬಾಟೊ ಡೆ ಸಾರ್ನೊ ಕಡುಗೆಂಪು ತೋರಿಸಿದರು. ಮುಂದಿನ ಶೋಗಳಲ್ಲಿ ಬೇರೆಯವರಲ್ಲೂ ಅದು ಕಂಡಿತು. 2024ರ ಕೊನೆಗೆ ಎಲ್ಲಿ ನೋಡಿದರೂ ಅದೇ. ನಮ್ಮಲ್ಲಿ ಇದು ಮರೂನ್, ಇಳಕಲ್ ಸೀರೆಯ ದಡಿಗೂ ಸೆರಗಿಗೂ ಹತ್ತಿರದ ಕೆಂಪು. ಅದನ್ನೇ ಹೊಸದು ಅಂತ ಮಾರಲು ಹೋದರೆ ಧಾರವಾಡದ ತಾಯಂದಿರು ಬೈಯುತ್ತಾರೆ. ಹೊಸದಿದ್ದದ್ದು ಅದರ ಜೋಡಿ. ಅಲ್ಲಿ ಮರೂನನ್ನು ಬೂದಿ ಬಣ್ಣದ ಜೊತೆ, ಕಂದು ಬಣ್ಣದ ಜೊತೆ ಹಾಕಿದ್ದರು. ನಾವು ಹಸಿರು, ಹಳದಿ ಬಿಟ್ಟು ಯೋಚಿಸುವುದೇ ಇಲ್ಲ. ಬೂದಿ ಬಣ್ಣದ ಹತ್ತಿ ಬಟ್ಟೆ, ಮರೂನ್ ದಾರದಲ್ಲಿ ಗೋಪುರ ಮತ್ತು ತುಳಸಿ ಕಟ್ಟೆ. ಆ ಕುರ್ತಿಗಳು ಚೆನ್ನಾಗಿ ಹೋದವು. ಇದಕ್ಕೆ ಉಲ್ಟಾ ರಾಣಿ ಬಣ್ಣ. 2022ರ ಮಾರ್ಚಿನಲ್ಲಿ ವ್ಯಾಲೆಂಟಿನೊ ಕಂಪನಿಯ ಶೋ ಹೆಚ್ಚುಕಡಿಮೆ ಪೂರ್ತಿ ಅದರಲ್ಲೇ ಇತ್ತು, ಜಗತ್ತೇ ಮಾತಾಡಿತು. ಇಲ್ಲಿ ಪ್ರತಿ ಮನೆಯ ಟ್ರಂಕಿನಲ್ಲೂ ಅದು ಇದ್ದೇ ಇದೆ, ನಾನು ಕೈ ಹಾಕಲಿಲ್ಲ.

ಪಾರದರ್ಶಕ ಬಟ್ಟೆಯ ವಿಷಯ ಇನ್ನೂ ಮಜಾ. 2024ರ ಫೆಬ್ರುವರಿಯಲ್ಲಿ ಸೇಂಟ್ ಲೊರಾಂ ಕಂಪನಿಯ ಶೋ ತುಂಬ ಮೈ ಕಾಣುವ ತೆಳು ಬಟ್ಟೆಗಳೇ. ಅದನ್ನು ನೋಡಿ ನಾನು ಆರ್ಗಾಂಜಾ (ಗರಿಗರಿ ತೆಳು ಬಟ್ಟೆ) ದುಪಟ್ಟಾ ಅಂತ ಬರೆದುಕೊಂಡೆ. ಆದರೆ ತೆಳು ಬಟ್ಟೆಯಲ್ಲಿ ಕಸೂತಿಯ ಹಿಂಭಾಗವೂ ಕಾಣುತ್ತದೆ. ಕಸೂತಿಯಲ್ಲಿ ನಾಲ್ಕು ಥರದ ಹೊಲಿಗೆ. ನೇಯ್ಗೆ ಹೊಲಿಗೆ ಹಾಕಿದರೆ ಹಿಂದಿನ ಎಳೆ ಎದ್ದು ಕಾಣುತ್ತದೆ, ಮೆಂತೆ ಹೊಲಿಗೆಯದೂ ಅದೇ ಗತಿ. ಗವಂತಿ, ಮುರಗಿ ಹೊಲಿಗೆ ಎರಡಕ್ಕೆ ಮಾತ್ರ ಹಿಂದೆ ಮುಂದೆ ಒಂದೇ ಮುಖ. ಹಾಗಾಗಿ ಅವೆರಡೇ ಅಂತ ತೀರ್ಮಾನವಾಯಿತು. ಜಾರುವ ಬಟ್ಟೆಯ ಎಳೆ ಎಣಿಸಲು ಆಗುವುದಿಲ್ಲ. ಮೇಲೆ ಜಾಳಿಗೆ ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆರು ತಿಂಗಳು ಯಾಕೆ ಬೇಕು ಅಂತ ಈಗ ಗೊತ್ತಾಗಿರಬೇಕು.

ಮುಂಬೈ, ದಿಲ್ಲಿ ಶೋಗಳನ್ನೂ ನೋಡುತ್ತೇನೆ. ಜುಲೈನಲ್ಲಿ ದಿಲ್ಲಿಯಲ್ಲಿ ನಡೆಯುವ ಇಂಡಿಯಾ ಕುಟೂರ್ ವೀಕ್ ಮದುವೆ ಬಟ್ಟೆಗೆ ಒಳ್ಳೆಯದು. ಕೊನೆಗೆ ಸಿನಿಮಾ ನಟಿ ಬಂದು ನಡೆಯುವ ಲೆಹಂಗಾವನ್ನು ಬಿಟ್ಟುಬಿಡಿ, ಅದು ಪೇಪರಿನವರಿಗೆ. ನಡುವೆ ಬರುವ ಹೆಸರಿಲ್ಲದ ಹುಡುಗಿಯರ ಬ್ಲೌಸ್ ಬೆನ್ನು ನೋಡಿ.

ಕೆಲವೊಮ್ಮೆ ದಾರಿ ತಿರುಗುಮುರುಗಾಗುತ್ತದೆ. 2025ರ ಜೂನಿನಲ್ಲಿ ಮಿಲಾನಿನ ಗಂಡಸರ ಶೋದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿತು, ಗಲಾಟೆ ಆದ ಮೇಲೆ ಇದು ಭಾರತದ ಕರಕುಶಲದಿಂದ ಬಂದದ್ದು ಅಂತ ಒಪ್ಪಿಕೊಂಡಿತು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಪಟ್ಟಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜೊತೆ ನಮ್ಮ ಧಾರವಾಡ ಜಿಲ್ಲೆಯೂ ಇದೆ. ಅಂದಮೇಲೆ ನಾವು ಅವರ ತೋಳು ನೋಡಿ ಹೊಲಿಯುವುದಕ್ಕೆ ನಾಚಬೇಕಿಲ್ಲ ಅಂತ ನನ್ನ ಲೆಕ್ಕ.

ನೋಟ್‌ಬುಕ್ಕಿನಲ್ಲಿ ಎಷ್ಟೇ ಗೆರೆ ಬಿದ್ದರೂ ದಾರ ಒಮ್ಮೆಲೇ ತರುವುದಿಲ್ಲ. ಮೊದಲು ಎರಡು ಮೂರು ಪೀಸ್ ಮಾಡಿಸಿ ಹಳೆಯವುಗಳ ನಡುವೆ ತೂಗು ಹಾಕುತ್ತೇನೆ, ಹೊಸದು ಅಂತ ಹೇಳುವುದಿಲ್ಲ. ಕಾಲೇಜು ಹುಡುಗಿಯರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದು ಲೆಕ್ಕಕ್ಕಿಲ್ಲ. ಅವರ ತಾಯಿ ಬಂದು ಮುಟ್ಟಿ, "ಇದು ನಮ್ಮ ಇಳಕಲ್ ಸೀರಿ ಮ್ಯಾಲ ನಡೀತೈತೇನ್ರೀ?" ಅಂತ ಕೇಳಿದರೆ ಆ ಬಣ್ಣದ ದಾರ ಪೂರ್ತಿ ಡಬ್ಬಿ ತರಿಸುತ್ತೇನೆ.